ಇನ್ನೂರೊಂದನೆಯ ಹನಿ

ಕೋನಿಕಲ್ ಫ್ಲಾಸ್ಕಿನಲ್ಲಿ 10 ಮಿಲಿಲೀಟರ್ ಹೈಡ್ರೋಕ್ಲೋರಿಕ್ ಆಮ್ಲ. ಬ್ಯುರೆಟ್ಟಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್. ಎರಡರ ಸಾರತೆಯೂ 0.1 ಮೋಲಾರ್. ಬ್ಯುರೆಟ್ಟಿನ ತುದಿಯಿಂದ ಬೀಳುವ ಒಂದು ಹನಿ ಸುಮಾರು 0.05 ಮಿಲಿಲೀಟರ್ ಇರುತ್ತದೆ. ಒಂದು ಮಿಲಿಲೀಟರಿಗೆ 20 ಹನಿ ಎಂದಾಯಿತು. ಹಾಗಾದರೆ ಫ್ಲಾಸ್ಕಿನ ಆಮ್ಲವೆಲ್ಲ ತೀರಲು ಲೆಕ್ಕಕ್ಕೆ ಸರಿಯಾಗಿ 200 ಹನಿ ಬೇಕು. ಫಿನಾಲ್ಫ್ತಲೀನ್ ಎಂಬ ಸೂಚಕವನ್ನು ಎರಡು ತೊಟ್ಟು ಹಾಕಿ, ಫ್ಲಾಸ್ಕನ್ನು ಆಡಿಸುತ್ತ, ಹನಿ ಎಣಿಸುತ್ತ ಹೋಗೋಣ.

ನೂರನೆಯ ಹನಿ ಬಿದ್ದಾಗ ಅರ್ಧ ಆಮ್ಲ ಮುಗಿದಿರುತ್ತದೆ. ಆಮ್ಲೀಯತೆಯ ಅಳತೆಯಾದ ಪಿಎಚ್ ಮಾತ್ರ 1ರಿಂದ 1.5ರ ಹತ್ತಿರಕ್ಕೆ ಬಂದಿರುತ್ತದೆ, ಅಷ್ಟೇ. 180ನೆಯ ಹನಿಗೆ ಹತ್ತರಲ್ಲಿ ಒಂಬತ್ತು ಪಾಲು ಆಮ್ಲ ತೀರಿದೆ, ಪಿಎಚ್ 2.3. 199ನೆಯ ಹನಿಗೆ 3.6. ಫ್ಲಾಸ್ಕು ಇನ್ನೂ ನೀರಿನಂತೆ ತಿಳಿಯಾಗಿದೆ. 200ನೆಯ ಹನಿಗೆ 7. 201ನೆಯ ಹನಿಗೆ 10.4, ಮತ್ತು ಫ್ಲಾಸ್ಕಿನ ತುಂಬ ಗುಲಾಬಿ!

199 ಮತ್ತು 201ರ ನಡುವೆ ಬಿದ್ದದ್ದು ಎರಡೇ ಹನಿ. ಆ ಎರಡು ಹನಿಗೆ ಹೈಡ್ರೋಜನ್ ಅಯಾನುಗಳ ಸಾರತೆ ಸುಮಾರು 62 ಲಕ್ಷ ಪಟ್ಟು ಕುಸಿಯಿತು. ಮೊದಲ 180 ಹನಿಗಳೆಲ್ಲ ಸೇರಿ ಅದನ್ನು ತಗ್ಗಿಸಿದ್ದು 19 ಪಟ್ಟು. ಅಯಾನುಗಳನ್ನೇ ಎಣಿಸಬಹುದಾಗಿದ್ದರೆ, ಆರಂಭದಲ್ಲಿ ಫ್ಲಾಸ್ಕಿನೊಳಗೆ 6ರ ಮುಂದೆ 20 ಸೊನ್ನೆಯಷ್ಟು ಹೈಡ್ರೋಜನ್ ಅಯಾನುಗಳು. 199ನೆಯ ಹನಿ ಬಿದ್ದಾಗ 3ರ ಮುಂದೆ 18 ಸೊನ್ನೆ. 201ನೆಯ ಹನಿಯ ನಂತರ ಉಳಿದದ್ದು ಸುಮಾರು 48 ಸಾವಿರ ಕೋಟಿ. ರಸಾಯನಶಾಸ್ತ್ರದಲ್ಲಿ ಇದು ತೀರಾ ಸಣ್ಣ ಸಂಖ್ಯೆ.

ಕಾಲೇಜಿನ ಹಳೆಯ ಮೇಜಿನ ಮೇಲೆ, ಹದಿನಾರು ಹದಿನೇಳರ ಮಕ್ಕಳ ಕೈಯಲ್ಲಿ, ದಿನನಿತ್ಯ ನಡೆಯುವ ಸಂಗತಿ ಇದು. ಪರಮಾಣುಗಳ ಲೋಕದಲ್ಲಾಗುವ ಲಕ್ಷಾಂತರ ಪಟ್ಟು ಏರಿಳಿತವನ್ನು ಯಾವ ಯಂತ್ರದ ನೆರವೂ ಇಲ್ಲದೆ ಬರಿಗಣ್ಣಿಗೆ ತೋರಿಸುವ ಪ್ರಯೋಗ ಶಾಲೆಯಲ್ಲಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಹೀಗಿದ್ದೂ ಇದೇ ಪ್ರಯೋಗದಲ್ಲಿ ಮಕ್ಕಳು ಅತಿ ಹೆಚ್ಚು ಗಲಿಬಿಲಿಗೊಳ್ಳುತ್ತಾರೆ. ಬರಬೇಕಾದ ಬಣ್ಣ ಬರಲಿಲ್ಲ, ಬಂದದ್ದು ನಿಲ್ಲಲಿಲ್ಲ, ಬರಬಾರದ ಕಡೆ ಬಂತು. ಆಗ ಬಹುಪಾಲು ಮಕ್ಕಳು ಮಾಡುವುದು ಒಂದೇ: ಕಂಡದ್ದನ್ನು ಬಿಟ್ಟು, ಪುಸ್ತಕದಲ್ಲಿರುವ ಬಣ್ಣವನ್ನು ರೆಕಾರ್ಡಿಗೆ ಇಳಿಸುತ್ತಾರೆ. ಫ್ಲಾಸ್ಕು ಹೇಳಿದ ನಿಜ ಅಲ್ಲಿಗೆ ಸಿಂಕಿನ ಪಾಲಾಗುತ್ತದೆ. ಆ ನಿಜ ಎಂಥದ್ದು ಎಂದು ಸಂಖ್ಯೆಗಳ ಮೂಲಕ ನೋಡಿದರೆ ಬೆರಗಾಗುತ್ತದೆ.

ಪಿಎಚ್ ಎಂಬ ಅಳತೆಯನ್ನು 1909ರಲ್ಲಿ ಕೊಟ್ಟವರು ಡೆನ್ಮಾರ್ಕಿನ ಸೋರೆನ್ ಸೋರೆನ್‌ಸೆನ್. ಕೋಪನ್‌ಹೇಗನ್ನಿನಲ್ಲಿ ಬಿಯರ್ ಕಂಪನಿಯೊಂದು ಸ್ಥಾಪಿಸಿದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಅವರ ಕೆಲಸ. ಈ ಅಳತೆಯಲ್ಲಿ ಒಂದು ಮೆಟ್ಟಿಲು ಎಂದರೆ ಹೈಡ್ರೋಜನ್ ಅಯಾನುಗಳ ಸಾರತೆಯಲ್ಲಿ ಹತ್ತು ಪಟ್ಟು. 7ರಿಂದ 0ಗೆ ಏಳು ಮೆಟ್ಟಿಲು, ಅಂದರೆ 1ರ ಮುಂದೆ ಏಳು ಸೊನ್ನೆ, ನಮ್ಮ ಎಣಿಕೆಯಲ್ಲಿ ಸರಿಯಾಗಿ ಒಂದು ಕೋಟಿ. 7ರಿಂದ 14ಕ್ಕೆ ಮತ್ತೊಂದು ಕೋಟಿ. ತಟಸ್ಥ ನೀರು ನಿಂತಿರುವುದು ಎರಡೂ ತುದಿಗಳಿಂದ ತಲಾ ಒಂದು ಕೋಟಿ ಪಟ್ಟು ದೂರದಲ್ಲಿ. ಪಾಠಪುಸ್ತಕದಲ್ಲಿ ಬಣ್ಣದ ಪಟ್ಟಿಯಾಗಿ ಅಂಗೈಯಗಲದಲ್ಲಿ ಅಚ್ಚಾಗುವ ಆ ಇಡೀ ಮಾಪಕದ ಉದ್ದ ಕೋಟಿಯ ಕೋಟಿ ಪಟ್ಟು.

ಶುದ್ಧ ನೀರಿನಲ್ಲಿ ಹೈಡ್ರೋಜನ್ ಅಯಾನು ಎಷ್ಟು ವಿರಳ ಎಂದರೆ, ಒಂದು ಕೋಟಿ ಲೀಟರ್ ನೀರನ್ನು ಕೂಡಿಹಾಕಿದರೂ ಅದರಲ್ಲಿರುವ ಅಷ್ಟೂ ಅಯಾನುಗಳ ತೂಕ ಒಂದು ಗ್ರಾಂ. ಸುಮಾರು 55 ಕೋಟಿ ನೀರಿನ ಅಣುಗಳಿಗೆ ಒಂದು ಅಯಾನು. ಆದರೆ ಅದೇ ನೀರಿನ ಒಂದೇ ಹನಿಯಲ್ಲಿ ಆ ಅಯಾನುಗಳು ಮೂರು ಲಕ್ಷ ಕೋಟಿ ಇರುತ್ತವೆ. ಅಷ್ಟು ವಿರಳ, ಅಷ್ಟು ಅಪಾರ. ಎರಡೂ ಏಕಕಾಲಕ್ಕೆ ನಿಜ.

ಈ ಅಯಾನುಗಳ ಏರಿಳಿತವನ್ನು ಗುರುತಿಸುವ ಫಿನಾಲ್ಫ್ತಲೀನನ್ನು ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ತಯಾರಿಸಿದರು. ಮುಂದೆ 1905ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಇಪ್ಪತ್ತು ಇಂಗಾಲ, ಹದಿನಾಲ್ಕು ಹೈಡ್ರೋಜನ್, ನಾಲ್ಕು ಆಮ್ಲಜನಕ ಸೇರಿದ ಈ ಅಣುವಿನ ತೂಕ, ಹೈಡ್ರೋಜನ್ನಿನ ತೂಕವನ್ನು ಒಂದು ಎಂದುಕೊಂಡರೆ, ಸುಮಾರು 318. ಪ್ರತ್ಯಾಮ್ಲದಲ್ಲಿ ಅದು ಎರಡು ಪ್ರೋಟಾನುಗಳನ್ನು ಬಿಟ್ಟುಕೊಡುತ್ತದೆ. 318ರಲ್ಲಿ 2 ಹೋಗಿ 316 ಉಳಿಯಿತು. ಈ ಇಷ್ಟು ನಷ್ಟಕ್ಕೆ ಅಣುವಿನೊಳಗಿನ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ, ಎಲೆಕ್ಟ್ರಾನುಗಳಿಗೆ ಓಡಾಡಲು ಉದ್ದನೆಯ ದಾರಿ ತೆರೆಯುತ್ತದೆ. ಅಲ್ಲಿಯವರೆಗೆ ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನಷ್ಟೇ ಹೀರುತ್ತಿದ್ದ ಅಣು 550 ನ್ಯಾನೊಮೀಟರಿನ ಆಸುಪಾಸಿನ ಹಸಿರು ಬೆಳಕನ್ನು ಹೀರತೊಡಗುತ್ತದೆ. ಹಸಿರು ಕಳೆದು ಉಳಿದ ಬೆಳಕು ನಮ್ಮ ಕಣ್ಣಿಗೆ ಗುಲಾಬಿ.

ಎರಡು ತೊಟ್ಟು ಸೂಚಕದಲ್ಲಿ ಇರುವುದೆಷ್ಟು? ಶೇಕಡಾ 1ರ ಆಲ್ಕೊಹಾಲ್ ದ್ರಾವಣವಾದರೆ ಅರ್ಧ ಮಿಲಿಗ್ರಾಂಗೂ ಕಡಿಮೆ. 20 ಮಿಲಿಲೀಟರ್ ದ್ರವದಲ್ಲಿ ಅದು ಹರಡಿದಾಗ, ಹೆಚ್ಚುಕಡಿಮೆ 9 ಲಕ್ಷ ನೀರಿನ ಅಣುಗಳಿಗೆ ಒಂದು ಸೂಚಕದ ಅಣು. 2011ರ ಜನಗಣತಿಯ ಮೈಸೂರು ನಗರದಲ್ಲಿ ಸುಮಾರು 9 ಲಕ್ಷ ಜನರಿದ್ದರು. ಅವರಲ್ಲಿ ಒಬ್ಬರೇ ಒಬ್ಬರು ಗುಲಾಬಿ ಬಣ್ಣದ ಬಟ್ಟೆ ತೊಟ್ಟರೆ ಇಡೀ ಮೈಸೂರು ಗುಲಾಬಿಯಾಗಿ ಕಂಡಂತೆ ಇದು. ಆಮ್ಲ ತೀರಿತೆಂದು ತಿಳಿಸುವ ಅಂತಿಮ ಬಿಂದುವಿನ ಮಸುಕು ಗುಲಾಬಿಯಲ್ಲಂತೂ ಸೂಚಕದ ಅಣುಗಳಲ್ಲೂ ನೂರಕ್ಕೆ ಕೆಲವು ಮಾತ್ರ ಬಣ್ಣ ತಾಳಿರುತ್ತವೆ.

ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುವ ಲೋಕಾಯುಕ್ತ ದಾಳಿಯ ಸುದ್ದಿಯ ಹಿಂದೆಯೂ ಇದೇ ಅಣುವಿದೆ. ನೋಟುಗಳಿಗೆ ಫಿನಾಲ್ಫ್ತಲೀನ್ ಪುಡಿ ಸವರುತ್ತಾರೆ. ಲಂಚ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸುತ್ತಾರೆ. ಕೈ ತೊಳೆದ ನೀರು 200 ಮಿಲಿಲೀಟರ್ ಇದ್ದರೂ ಅದಕ್ಕೆ ಕಣ್ಣಿಗೆ ತಿಳಿಯುವಷ್ಟು ಗುಲಾಬಿ ಬರಲು ಒಂದು ಗ್ರಾಂನ ಹದಿನೈದು ಸಾವಿರದಲ್ಲೊಂದು ಪಾಲು ಪುಡಿ ಸಾಕಾಗುತ್ತದೆ. ಬೆರಳಿನ ಗೆರೆಗಳ ನಡುವೆ ಕಾಣದಂತೆ ಕೂರುವ ಪ್ರಮಾಣ ಅದು.

ಇಷ್ಟು ಚುರುಕಾದ ಸೂಚಕವನ್ನು ಶಾಲೆಯ ಪ್ರಯೋಗಶಾಲೆಗೆ ತಂದಾಗ ಏನಾಗುತ್ತದೆ? ನಾವು ಲೆಕ್ಕಕ್ಕೇ ಹಿಡಿಯದ ವಸ್ತುಗಳೆಲ್ಲ ಅದರ ಲೆಕ್ಕದಲ್ಲಿ ಬರುತ್ತವೆ. ಗಾಳಿ ಬರುತ್ತದೆ, ಉಸಿರು ಬರುತ್ತದೆ, ನಲ್ಲಿಯ ನೀರು, ಸೋಪಿನ ಪಸೆ, ಪಕ್ಕದ ಬಾಟಲಿಯ ಆವಿ, ಎಲ್ಲವೂ ಬರುತ್ತವೆ.

ಎಲ್ಲಕ್ಕಿಂತ ಸಾಮಾನ್ಯವಾದ ದೂರನ್ನೇ ಮೊದಲು ತೆಗೆದುಕೊಳ್ಳೋಣ. ಗುಲಾಬಿ ಬಂತು, ಫ್ಲಾಸ್ಕನ್ನು ಮೇಜಿನ ಮೇಲಿಟ್ಟು ರೀಡಿಂಗ್ ಬರೆದುಕೊಳ್ಳುವಷ್ಟರಲ್ಲಿ ಹೋಯಿತು. ವಿದ್ಯಾರ್ಥಿ ಇನ್ನೊಂದು ಹನಿ ಹಾಕುತ್ತಾನೆ. ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಇಲ್ಲಿ ಕೈಯಾಡಿಸಿದ್ದು ಗಾಳಿ. ಗಾಳಿಯ ಹತ್ತು ಸಾವಿರ ಅಣುಗಳಲ್ಲಿ ನಾಲ್ಕಕ್ಕೆ ತುಸು ಹೆಚ್ಚು ಇಂಗಾಲದ ಡೈಆಕ್ಸೈಡಿನವು. ಅದು ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ. ಪಿಎಚ್ 9ರಲ್ಲಿರುವ 20 ಮಿಲಿಲೀಟರ್ ಗುಲಾಬಿ ದ್ರವದಲ್ಲಿ ಬಿಡಿಯಾಗಿರುವ ಹೈಡ್ರಾಕ್ಸೈಡನ್ನು ಮುಗಿಸಲು ಬೇಕಾದ ಇಂಗಾಲದ ಡೈಆಕ್ಸೈಡ್ ಎಷ್ಟು ಗಾಳಿಯಲ್ಲಿರುತ್ತದೆ ಎಂದು ಲೆಕ್ಕ ಹಾಕಿದರೆ ಬರುವ ಉತ್ತರ ಸುಮಾರು 12 ಮಿಲಿಲೀಟರ್. 250 ಮಿಲಿಲೀಟರಿನ ಫ್ಲಾಸ್ಕಿನಲ್ಲಿ ದ್ರವದ ಮೇಲೆ ತುಂಬಿರುವ ಗಾಳಿಯೇ 230 ಮಿಲಿಲೀಟರ್! ಸೂಚಕದ ಅಣುಗಳು ತಾವೇ ಹಿಡಿದಿಟ್ಟುಕೊಂಡ ಪಾಲನ್ನು ಸೇರಿಸಿದರೂ ಫ್ಲಾಸ್ಕಿನೊಳಗಿನ ಗಾಳಿ ಸಾಕಷ್ಟಾಯಿತು. ಹೊರಗಿನ ಗಾಳಿ ಒಳಗೆ ಬರಬೇಕೆಂದೇ ಇಲ್ಲ.

ಇನ್ನು ಉಸಿರು. ನಾವು ಹೊರಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡಾ 4ರಷ್ಟು, ಹೊರಗಿನ ಗಾಳಿಗಿಂತ ಸುಮಾರು ನೂರು ಪಟ್ಟು. ಒಂದು ಸಹಜ ಉಸಿರು ಅರ್ಧ ಲೀಟರ್ ಎಂದಿಟ್ಟುಕೊಂಡರೆ ಅದರಲ್ಲಿ 20 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್. ಅಷ್ಟೂ ದ್ರಾವಣದಲ್ಲಿ ಕರಗಿತೆಂದರೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನ 8 ಮಿಲಿಲೀಟರನ್ನು ಅದು ಬೈಕಾರ್ಬೊನೇಟ್ ಮಾಡಿಬಿಡಬಲ್ಲದು. 160 ಹನಿಗೆ ಒಂದೇ ಉಸಿರು ಸಮ! ಮೂವತ್ತು ಮಕ್ಕಳು ಒಂದು ಕೋಣೆಯಲ್ಲಿ, ಫ್ಲಾಸ್ಕಿನ ಬಾಯಿಯ ಹತ್ತಿರಕ್ಕೇ ಮುಖ ತಂದು ಬಣ್ಣಕ್ಕಾಗಿ ಕಾಯುತ್ತಿರುವಾಗ ಗುಲಾಬಿ ಮಾಸದಿದ್ದರೆ ಅದೇ ಅಚ್ಚರಿ. ಬಣ್ಣ ಅರ್ಧ ನಿಮಿಷ ನಿಂತರೆ ಅದೇ ಅಂತಿಮ ಬಿಂದು ಎಂಬ ನಿಯಮ ಹುಟ್ಟಿದ್ದು ಇದಕ್ಕಾಗಿಯೇ. ಆಮೇಲೆ ಮಾಸಿದರೆ ಚಿಂತೆ ಬೇಡ, ಇನ್ನೊಂದು ಹನಿಯೂ ಬೇಡ.

ಬಟ್ಟಿ ಇಳಿಸಿದ ನೀರು ತಟಸ್ಥ ಎಂದು ಎಲ್ಲರೂ ಕಲಿತಿದ್ದೇವೆ. ತೆರೆದ ಪಾತ್ರೆಯಲ್ಲಿ ಗಾಳಿಗೆ ಒಡ್ಡಿದ ಮೇಲೆ ಅದರ ಪಿಎಚ್ 5.6ರ ಆಸುಪಾಸಿಗೆ ಇಳಿಯುತ್ತದೆ. 7ರಿಂದ 5.6 ಎಂದರೆ ಓದಲಿಕ್ಕೆ ಸಣ್ಣ ವ್ಯತ್ಯಾಸ. ಹೈಡ್ರೋಜನ್ ಅಯಾನುಗಳ ಲೆಕ್ಕದಲ್ಲಿ ಅದು 25 ಪಟ್ಟು. ಬ್ರೋಮೋಥೈಮಾಲ್ ಬ್ಲೂ ಎಂಬ ಸೂಚಕ ಹಾಕಿ ಹಸಿರು ಬರಲಿ ಎಂದು ಕಾದರೆ ಹಳದಿ ಬರುವುದು ಹೀಗೆ. ಇದೇ ನೀರಿಗೆ ಮೀಥೈಲ್ ಆರೆಂಜ್ ಹಾಕಿದರೂ ಹಳದಿಯೇ, ಆದರೆ ಕಾರಣ ತೀರ ಬೇರೆ: ಮೀಥೈಲ್ ಆರೆಂಜ್ ಕೆಂಪಿನಿಂದ ಹಳದಿಗೆ ತಿರುಗುವುದು 3.1 ಮತ್ತು 4.4ರ ನಡುವೆ, ಅದರ ಮೇಲಿನದೆಲ್ಲ ಅದಕ್ಕೆ ಹಳದಿ. ಫಿನಾಲ್ಫ್ತಲೀನ್ ಎಚ್ಚೆತ್ತುಕೊಳ್ಳುವುದೇ 8.2ರ ನಂತರ. ಪಿಎಚ್ 7.8 ಇರುವ ಕೊಳವೆಬಾವಿ ನೀರು ಪ್ರತ್ಯಾಮ್ಲೀಯವೇ, ಆದರೂ ಅದರಲ್ಲಿ ಫಿನಾಲ್ಫ್ತಲೀನಿಗೆ ಬಣ್ಣವಿಲ್ಲ. ಪ್ರತಿ ಸೂಚಕಕ್ಕೂ ತನ್ನದೇ ಹೊಸಿಲು ಇದೆ. ಹೊಸಿಲಿನ ಆಚೆಯೋ ಈಚೆಯೋ ಎಂಬುದನ್ನಷ್ಟೇ ಅದು ಹೇಳುತ್ತದೆ. ಹಳದಿ ಎಂದರೆ ಪ್ರತ್ಯಾಮ್ಲ, ಬಣ್ಣವಿಲ್ಲ ಎಂದರೆ ಆಮ್ಲ ಎಂದು ಬಾಯಿಪಾಠ ಮಾಡಿಸುವುದನ್ನು ನಾವು ನಿಲ್ಲಿಸಬೇಕು.

ಹೊಸಿಲನ್ನು ನೋಡದೆ ಸೂಚಕ ಆರಿಸಿದರೆ ಆಗುವ ಅನಾಹುತಕ್ಕೆ ಒಂದು ಲೆಕ್ಕ ಸಾಕು. ಮೊದಲು ಹೇಳಿದ ಪ್ರಯೋಗದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಬದಲು ಅಷ್ಟೇ ಸಾರತೆಯ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಆಮ್ಲ, ಇದೆ ಎನ್ನಿ. ಇಲ್ಲೂ 200 ಹನಿಯೇ ಬೇಕು. ಮೀಥೈಲ್ ಆರೆಂಜ್ ಹಾಕಿದರೆ 60ನೆಯ ಹನಿಯ ಹೊತ್ತಿಗೆ ಅದು ಪೂರ್ತಿ ಹಳದಿಯಾಗಿ ಕೆಲಸ ಮುಗಿಯಿತು ಎಂದುಬಿಡುತ್ತದೆ, ಮುಕ್ಕಾಲು ಪಾಲಿಗೆ ಹತ್ತಿರ ಹತ್ತಿರ ಆಮ್ಲ ಇನ್ನೂ ಫ್ಲಾಸ್ಕಿನಲ್ಲೇ ಇರುವಾಗ. ಪ್ರಥಮ ಪಿಯುಸಿಯಲ್ಲಿ ಆಕ್ಸಾಲಿಕ್ ಆಮ್ಲದ ಟೈಟ್ರೇಶನ್ನಿಗೆ, ಅಂದರೆ ಹೀಗೆ ಹನಿ ಹನಿಯಾಗಿ ಅಳೆಯುವ ಪ್ರಯೋಗಕ್ಕೆ, ಫಿನಾಲ್ಫ್ತಲೀನನ್ನೇ ಕೊಡುವುದು ಈ ಕಾರಣಕ್ಕೆ.

ತೊಳೆಯುವ ಕೆಲಸದಲ್ಲಿ ಅಡಗಿರುವ ಗಣಿತವಂತೂ ನನಗೆ ಬಹಳ ಪ್ರಿಯವಾದದ್ದು. ಫ್ಲಾಸ್ಕನ್ನು ಬಗ್ಗಿಸಿ ಆಮ್ಲ ಚೆಲ್ಲಿದ ಮೇಲೂ ಗೋಡೆಗೆ ಅಂಟಿಕೊಂಡು ಅರ್ಧ ಮಿಲಿಲೀಟರ್ ಉಳಿಯಿತು ಎಂದುಕೊಳ್ಳಿ. ತೊಳೆಯಲು ನಮ್ಮ ಬಳಿ 150 ಮಿಲಿಲೀಟರ್ ಬಟ್ಟಿ ಇಳಿಸಿದ ನೀರಿದೆ. ಅಷ್ಟನ್ನೂ ಒಮ್ಮೆಲೇ ಸುರಿದು ಚೆಲ್ಲಿದರೆ ಉಳಿದ ಪಸೆ 300 ಪಟ್ಟು ತೆಳುವಾಗುತ್ತದೆ. 0.1 ಮೋಲಾರ್ ಆಮ್ಲವಾದರೆ ಆ ಪಸೆಯ ಪಿಎಚ್ 3.5, ಇನ್ನೂ ಚೆನ್ನಾಗಿಯೇ ಹುಳಿ. ಅದೇ 150 ಮಿಲಿಲೀಟರನ್ನು 50ರಂತೆ ಮೂರು ಪಾಲು ಮಾಡಿ, ಪ್ರತಿ ಸಲವೂ ಪೂರ್ತಿ ಚೆಲ್ಲಿ ತೊಳೆದರೆ, ಸಲಕ್ಕೆ ನೂರು ಪಟ್ಟಿನಂತೆ ನೂರು, ಹತ್ತು ಸಾವಿರ, ಹತ್ತು ಲಕ್ಷ! ಆಮ್ಲವೆಂಬುದು ನೀರಿನ ಸ್ವಂತ ಅಯಾನುಗಳ ಮಟ್ಟಕ್ಕೇ ಇಳಿಯಿತು. ನೀರು ಅಷ್ಟೇ, ಫಲ ಮೂರು ಸಾವಿರ ಪಟ್ಟಿಗೂ ಹೆಚ್ಚು. ‘ಮೂರು ಸಲ ತೊಳಿ’ ಎಂದು ಲ್ಯಾಬಿನಲ್ಲಿ ಹೇಳುವ ಮಾತಿನ ಹಿಂದಿರುವುದು ಈ ಗುಣಾಕಾರ. ಅದನ್ನು ಒಮ್ಮೆ ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಿದರೆ ಮಕ್ಕಳು ಜನ್ಮದಲ್ಲಿ ಮರೆಯಲಾರರು.

ತೊಳೆದದ್ದೇ ಸೋಪಿನಲ್ಲಾದರೆ ಇನ್ನೊಂದು ತೊಡಕು. ಪೂರ್ತಿ ಶುದ್ಧವಾದ ಒಂದು ಲೀಟರ್ ನೀರಿಗೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನ ಒಂದೇ ಹನಿ ಬಿದ್ದರೆ ಪಿಎಚ್ 8.7ಕ್ಕೆ ಹಾರುತ್ತದೆ, ಅಲ್ಲಿಗೆ ಫಿನಾಲ್ಫ್ತಲೀನಿನ ಹೊಸಿಲು ದಾಟಿತು. ಆ ಹನಿಯಲ್ಲಿರುವ ಕಾಸ್ಟಿಕ್ ಸೋಡಾ 0.2 ಮಿಲಿಗ್ರಾಂ. ಹತ್ತು ಮಿಲಿಲೀಟರಿನ ಪ್ರನಾಳದಲ್ಲಿ ಅದೇ ಕೆಲಸಕ್ಕೆ ಇದರ ನೂರನೆಯ ಒಂದು ಪಾಲು ಸಾಕು, ಅಂದರೆ ಒಂದು ಗ್ರಾಂನ ಐದು ಲಕ್ಷದಲ್ಲೊಂದು ಭಾಗ. ತೊಳೆದು ಒಣಗಿಸಿ, ಬೆಳಕಿಗೆ ಹಿಡಿದರೆ ಫಳಫಳ ಹೊಳೆಯುವ ಗಾಜಿನ ಮೇಲೆ ಇಷ್ಟು ಕ್ಷಾರ ಕಾಣದಂತೆ ಇದ್ದೇ ಇರಬಹುದು. ಆಮ್ಲ ಹಾಕುವ ಮುಂಚೆ, ಬರೀ ನೀರು ಮತ್ತು ಸೂಚಕಕ್ಕೇ ಗುಲಾಬಿ ಬಂದರೆ ನೀರನ್ನು ದೂರುವ ಮೊದಲು ಪ್ರನಾಳವನ್ನು ಸಂಶಯಿಸಿ.

ಅರಿಶಿನ ಕಾಗದದ ಪ್ರಯೋಗದಲ್ಲಿ ಇದೇ ಸೋಪು ಇನ್ನೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕೈ ತೊಳೆದು ಬಂದ ಮಗು ಒದ್ದೆ ಬೆರಳಲ್ಲಿ ಕಾಗದ ಹಿಡಿದರೆ ಹಿಡಿದ ಜಾಗವೇ ಕೆಂಪಾಗುತ್ತದೆ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಓಕುಳಿ ಮಾಡುವ ಮನೆಗಳಿಗೆ ಈ ಬಣ್ಣ ಹೊಸದಲ್ಲ. ಸುಣ್ಣದ ತಿಳಿನೀರಿನ ಪಿಎಚ್ 12.4ರ ಸುಮಾರು. ತಟಸ್ಥ ನೀರಿಗಿಂತ ಹೈಡ್ರಾಕ್ಸೈಡ್ ಅದರಲ್ಲಿ ಎರಡೂವರೆ ಲಕ್ಷ ಪಟ್ಟು. ಬಿಸಿಲಿನಲ್ಲಿ ಬಿಟ್ಟ ಅರಿಶಿನ ಕಾಗದ ಬಿಳಿಚಿಕೊಳ್ಳುತ್ತದೆ, ಸೂಚಕವಾಗಿ ಬಳಸುವ ದಾಸವಾಳದ ರಸ ಕೆಲವೇ ದಿನಗಳಲ್ಲಿ ಕೆಡುತ್ತದೆ. ಇವನ್ನು ಆಯಾ ದಿನವೇ ಮಾಡಿಕೊಳ್ಳುವುದು ಲೇಸು.

ನಲ್ಲಿಯ ನೀರಿನ ವಿಷಯಕ್ಕೆ ಬಂದರೆ, ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿದ ಕ್ಷಾರೀಯತೆಯ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಸರಿ. 200ರ ನೀರನ್ನೇ ಹಿಡಿದರೂ, ಮೀಥೈಲ್ ಆರೆಂಜ್ ಬಳಸುವ ಟೈಟ್ರೇಶನ್ನಿನಲ್ಲಿ ‘ಸ್ವಲ್ಪ ನೀರು ಸೇರಿಸೋಣ’ ಎಂದು ಫ್ಲಾಸ್ಕಿಗೆ 20 ಮಿಲಿಲೀಟರ್ ನಲ್ಲಿ ನೀರು ಹಾಕಿದರೆ ಅದರ ಬೈಕಾರ್ಬೊನೇಟ್ 0.1 ಮೋಲಾರ್ ಆಮ್ಲದ 16 ಹನಿಗಳನ್ನು ನುಂಗುತ್ತದೆ. 600ರ ನೀರಾದರೆ 48 ಹನಿ. ಬಯಲುಸೀಮೆಯ ಕೊಳವೆಬಾವಿಗಳನ್ನು ನಂಬಿರುವ ಶಾಲೆಗಳಲ್ಲಿ ಉತ್ತರ ತಾಳೆಯಾಗದಿದ್ದರೆ ಮೊದಲು ನೋಡಬೇಕಾದ್ದು ಇದನ್ನು.

ಹಳೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಕಥೆ ಇನ್ನೂ ಸೂಕ್ಷ್ಮ. ಬಾಟಲಿ ತೆರೆದಾಗಲೆಲ್ಲ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಸ್ವಲ್ಪ ಸ್ವಲ್ಪವೇ ಕಾರ್ಬೊನೇಟ್ ಆಗುತ್ತಿರುತ್ತದೆ. ಹತ್ತರಲ್ಲೊಂದು ಪಾಲು ಹಾಗಾಗಿದೆ ಎಂದಿಟ್ಟುಕೊಳ್ಳಿ. ಮೀಥೈಲ್ ಆರೆಂಜ್ ಆ ಕಾರ್ಬೊನೇಟನ್ನು ಪೂರ್ತಿ ಎಣಿಸುತ್ತದೆ, ಫಿನಾಲ್ಫ್ತಲೀನ್ ಅರ್ಧವನ್ನಷ್ಟೇ ಎಣಿಸುತ್ತದೆ. ಒಂದೇ ಬಾಟಲಿ, ಒಂದೇ ಬ್ಯುರೆಟ್, ಒಂದೇ ಕೈ. ಮೀಥೈಲ್ ಆರೆಂಜ್ ಹಾಕಿದವಳಿಗೆ 200 ಹನಿ, ಫಿನಾಲ್ಫ್ತಲೀನ್ ಹಾಕಿದ ಪಕ್ಕದ ಮೇಜಿನವಳಿಗೆ 210. ಇಬ್ಬರೂ ಸರಿ! ಈ ಹತ್ತು ಹನಿಯ ಅಂತರ ಆ ಬಾಟಲಿಯ ವಯಸ್ಸು. ಇಂಥ ಸಂದರ್ಭದಲ್ಲಿ ಒಬ್ಬಳ ರೀಡಿಂಗನ್ನು ಇನ್ನೊಬ್ಬಳಿಂದ ನಕಲು ಮಾಡಿಸುವ ಮೇಷ್ಟ್ರು ಒಂದು ಅಪರೂಪದ ಪಾಠವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಅಡುಗೆ ಸೋಡಾ ದ್ರಾವಣದ ಪಿಎಚ್ 8.3ರ ಸುಮಾರು, ಫಿನಾಲ್ಫ್ತಲೀನಿನ ಹೊಸಿಲ ಮೇಲೆಯೇ. ಒಂದು ಬೆಂಚಿನಲ್ಲಿ ಬಣ್ಣವಿಲ್ಲ, ಮುಂದಿನ ಬೆಂಚಿನಲ್ಲಿ ತಿಳಿ ಗುಲಾಬಿ. ಪ್ರನಾಳವನ್ನು ಬಿಸಿ ಮಾಡಿದರಂತೂ ಎಲ್ಲರದೂ ಗಾಢ ಗುಲಾಬಿ, ಏಕೆಂದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಬೈಕಾರ್ಬೊನೇಟ್ ಕಾರ್ಬೊನೇಟಾಗುತ್ತದೆ. ಶಾಖದಿಂದ ನೀರೇ ಬದಲಾಗುತ್ತದೆ: ಸೊನ್ನೆ ಡಿಗ್ರಿಯಲ್ಲಿ ತಟಸ್ಥ ಬಿಂದು 7.47, ನೂರು ಡಿಗ್ರಿಯಲ್ಲಿ 6.14. ಕುದಿಯುವ ನೀರು 6.14ರಲ್ಲಿದ್ದರೂ ಆಮ್ಲೀಯವಲ್ಲ.

ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಬೇರೊಂದು: ಕ್ಷಾರ ಧಾರಾಳವಾಗಿದ್ದರೂ ಗುಲಾಬಿ ಮಾಯ. ಒಂದು ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿಗೆ ಫಿನಾಲ್ಫ್ತಲೀನ್ ಹಾಕಿ ನೋಡಿ. ಗಾಢ ಗುಲಾಬಿ ಬಂದು, ಕೆಲವೇ ನಿಮಿಷಗಳಲ್ಲಿ ಮಸುಕಾಗಿ, ಕೊನೆಗೆ ನೀರಿನ ಬಣ್ಣ. ಪಿಎಚ್ 10ಕ್ಕೂ 14ಕ್ಕೂ ನಡುವೆ ಹೈಡ್ರಾಕ್ಸೈಡ್ ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಅಷ್ಟು ದಟ್ಟಣೆಯಲ್ಲಿ ಒಂದು ಹೈಡ್ರಾಕ್ಸೈಡ್ ಬಂದು ಗುಲಾಬಿ ಅಣುವಿನ ನಡುವಿನ ಇಂಗಾಲಕ್ಕೆ ಅಂಟುತ್ತದೆ, ಎಲೆಕ್ಟ್ರಾನುಗಳ ಉದ್ದನೆಯ ದಾರಿ ಅಲ್ಲೇ ತುಂಡಾಗುತ್ತದೆ. ನೀರು ಬೆರೆಸಿ ತೆಳುಗೊಳಿಸಿದರೆ ಬಣ್ಣ ಮೆಲ್ಲಗೆ ಮರಳುತ್ತದೆ. ಇನ್ನೊಂದು ತುದಿಯಲ್ಲಿ, ಪ್ರಬಲ ಗಂಧಕಾಮ್ಲದಲ್ಲಿ, ಇದೇ ಅಣು ಕಿತ್ತಳೆಗೆಂಪಾಗುತ್ತದೆ (ಇದನ್ನು ಮಕ್ಕಳ ಕೈಯಲ್ಲಿ ಮಾಡಿಸಬಾರದು). ಬಣ್ಣವಿಲ್ಲ ಮತ್ತು ಗುಲಾಬಿ ಎಂಬ ಎರಡೇ ಮುಖ ನಾವು ಕಲಿಸಿದ್ದು. ಫಿನಾಲ್ಫ್ತಲೀನಿಗೆ ನಾಲ್ಕಿವೆ.

ಉಳಿದವನ್ನು ಬೇಗ ಮುಗಿಸಬಹುದು. ಸೂಚಕ ಜಾಸ್ತಿ ಹಾಕಿದರೆ ನೀರು ಹಾಲಿನಂತಾಗುತ್ತದೆ. ಫಿನಾಲ್ಫ್ತಲೀನ್ ಆಲ್ಕೊಹಾಲಿನಲ್ಲಿ ಕರಗುವಂತೆ ನೀರಿನಲ್ಲಿ ಕರಗುವುದಿಲ್ಲ. ಅದೂ ಒಂದು ಆಮ್ಲವೇ ಆದ್ದರಿಂದ ಹೆಚ್ಚಾದಷ್ಟೂ ತನ್ನ ಪಾಲಿನ ಕ್ಷಾರವನ್ನು ತಾನೇ ಕೇಳುತ್ತದೆ. ಬ್ಲೀಚಿಂಗ್ ಪೌಡರಿನ ದ್ರಾವಣದಲ್ಲಿ ಬಣ್ಣ ಮೂಡಿ ಅಳಿಸಿಹೋಗುವುದು ಕ್ಲೋರಿನ್ನಿನ ಕೆಲಸ, ಅಲ್ಲಿ ಸೂಚಕದ ಅಣುವೇ ನಾಶವಾಗಿರುತ್ತದೆ. ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಗಳಿರುವ ಬೀರುವಿನಲ್ಲಿ ಲಿಟ್ಮಸ್ ಕಾಗದದ ಪುಸ್ತಕ ಇಟ್ಟರೆ ಅದರ ಬಣ್ಣಕ್ಕೆ ಅರ್ಥವಿರುವುದಿಲ್ಲ. ಒಣ ಹೈಡ್ರೋಜನ್ ಕ್ಲೋರೈಡ್ ಅನಿಲಕ್ಕೆ ಒಣ ಲಿಟ್ಮಸ್ ಹಿಡಿದರೆ ಬದಲಾವಣೆ ಇಲ್ಲ, ನೀರಿಲ್ಲದೆ ಅಯಾನಿಲ್ಲ.

ಒಂದು ಮಾತನ್ನು ಮಾತ್ರ ಬಿಡಲಾರೆ. ಗಂಡುಮಕ್ಕಳಲ್ಲಿ ನೂರಕ್ಕೆ ಕೆಲವರಿಗೆ ಕೆಂಪು ಹಸಿರುಗಳ ಭೇದ ಹುಟ್ಟಿನಿಂದಲೇ ಸರಿಯಾಗಿ ಕಾಣುವುದಿಲ್ಲ. ಹೆಣ್ಣುಮಕ್ಕಳಲ್ಲಿ ಇದು ಬಹಳ ಅಪರೂಪ. ಮೀಥೈಲ್ ಆರೆಂಜಿನ ಕೆಂಪು ಕಿತ್ತಳೆ ಹಳದಿಗಳು ಅಂಥ ಹುಡುಗನಿಗೆ ಒಂದೇ ಬಗೆಯಾಗಿ ಕಾಣಬಹುದು. ಅದು ಅವನಿಗೂ ಗೊತ್ತಿರುವುದಿಲ್ಲ, ಮನೆಯವರಿಗೂ ಗೊತ್ತಿರುವುದಿಲ್ಲ. ಎಷ್ಟೋ ಸಲ ಮೊದಲ ಸುಳಿವು ಸಿಗಬಹುದಾದ ಜಾಗ ಇದೇ ಪ್ರಯೋಗಶಾಲೆ. ಅವನನ್ನು ಗದರಿಸಬೇಡಿ.

ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟು. ಪ್ರತಿ ಮೇಜಿಗೂ ಒಂದು ಹೆಚ್ಚಿನ ಫ್ಲಾಸ್ಕು ಕೊಡಿ. ಅದರಲ್ಲಿ ಪ್ರಯೋಗಕ್ಕೆ ಬಳಸುವ ನೀರು ಮತ್ತು ಎರಡು ತೊಟ್ಟು ಸೂಚಕ ಮಾತ್ರ ಇರಲಿ, ಕೆಳಗೆ ಒಂದು ಬಿಳಿ ಕಾಗದವಿರಲಿ. ನೀರು, ಗಾಜು, ಸೂಚಕ ಮೂರರ ಸಾಚಾತನವೂ ಆ ಒಂದು ಫ್ಲಾಸ್ಕಿನಲ್ಲಿ ಗೊತ್ತಾಗುತ್ತದೆ. ರೆಕಾರ್ಡಿನಲ್ಲಿ ‘ನಿರೀಕ್ಷಿಸಿದ ಬಣ್ಣ’ ಎಂಬ ಕಾಲಮಿನ ಪಕ್ಕದಲ್ಲಿ ‘ಕಂಡ ಬಣ್ಣ’ ಎಂದು ಇನ್ನೊಂದು ಕಾಲಂ ಬರೆಸಿ. ಎರಡೂ ಬೇರೆಯಾದ ದಿನ, ಕಾರಣ ಹುಡುಕಲು ಮಕ್ಕಳಿಗೆ ಒಂದು ಪಿರಿಯಡ್ ಬಿಟ್ಟುಕೊಡಿ. ಪ್ರಾಯೋಗಿಕ ಪರೀಕ್ಷೆಯಲ್ಲಿ, ಬಂದ ಬಣ್ಣವನ್ನು ಬಂದಂತೆಯೇ ಬರೆದ ವಿದ್ಯಾರ್ಥಿಗೆ ಅಂಕ ಕೊಡಿ.